ಜೌಗು ನೆಲಕ್ಕೆ ಗಿರಣಿಯ ಚಪ್ಪಡಿ ಕಲ್ಲು

ಉತ್ತರ ಇಂಗ್ಲೆಂಡಿನ ಪೆನೈನ್ ಬೆಟ್ಟಸಾಲಿನ ಬೆನ್ನ ಮೇಲೆ ಸಾಗುವ ‘ಪೆನೈನ್ ವೇ’ ಆ ದೇಶದ ಮೊದಲ ರಾಷ್ಟ್ರೀಯ ಕಾಲುದಾರಿ. ಈಡೇಲ್ ಎಂಬ ಹಳ್ಳಿಯಿಂದ ಹೊರಟು, ಗಡಿ ದಾಟಿ ಸ್ಕಾಟ್ಲೆಂಡಿನ ಕರ್ಕ್ ಯೆಟ್‌ಹೋಮ್ ಮುಟ್ಟಲು ಸುಮಾರು 430 ಕಿಲೋಮೀಟರ್ ನಡೆಯಬೇಕು. ಈ ಗುಡ್ಡಗಳಲ್ಲಿ ಓಡಾಡುವ ಹಕ್ಕಿಗಾಗಿ ಜನ ಹೋರಾಡಿದ್ದರು. 1932ರಲ್ಲಿ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಗುಂಪಾಗಿ ನುಗ್ಗಿದವರಲ್ಲಿ ಕೆಲವರು ಜೈಲಿಗೂ ಹೋದರು. ಅಷ್ಟು ಕಷ್ಟಪಟ್ಟು ಪಡೆದ ದಾರಿ 1965ರಲ್ಲಿ ತೆರೆದಾಗ ಜನ ಮುಗಿಬಿದ್ದು ಬಂದರು. 1980ರ ದಶಕದ ಹೊತ್ತಿಗೆ ದಕ್ಷಿಣದ ಗುಡ್ಡಗಳಲ್ಲಿ ಆ ದಾರಿ ದಾರಿಯಾಗಿ ಉಳಿದಿರಲಿಲ್ಲ. ಕಣ್ಣು ಹಾಯಿಸಿದಷ್ಟು ಅಗಲಕ್ಕೆ ಕಪ್ಪು ರಾಡಿ ಹರಡಿತ್ತು.

ಹೀಗಾಗಲು ಅಲ್ಲಿನ ನೆಲವೇ ಒಂದು ಕಾರಣ. ಆ ಗುಡ್ಡಗಳ ಮೇಲಿರುವುದು ಪೀಟ್. ಸತ್ತ ಗಿಡಗಳು, ಅದರಲ್ಲೂ ಸ್ಫ್ಯಾಗ್ನಂ ಎಂಬ ಪಾಚಿ, ನೀರಿನಲ್ಲೇ ಮುಳುಗಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತರೆ ಪೀಟ್ ಆಗುತ್ತದೆ. ಒದ್ದೆ ಪೀಟಿನ ತೂಕದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬರೀ ನೀರು. ಅದು ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಅಂದರೆ ಒಂದು ಕಡೆ ಹತ್ತು ಸೆಂಟಿಮೀಟರ್ ಕಿತ್ತುಹೋದರೆ ನೂರು ವರ್ಷದ ಬೆಳವಣಿಗೆ ಹೋದ ಹಾಗೆ. ಹೀಗೆ ಹೋಗುವುದು ಬರೀ ಮಣ್ಣಲ್ಲ. ಪ್ರಪಂಚದ ನೆಲದಲ್ಲಿ ಪೀಟ್ ಇರುವುದು ನೂರಕ್ಕೆ ಮೂರು ಪಾಲು ಮಾತ್ರ. ಆದರೂ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಜಾಸ್ತಿ ಇಂಗಾಲ ಅದರಲ್ಲಿದೆ. ಪೀಟ್ ಒಣಗಿ ಗಾಳಿಗೆ ಮೈಯೊಡ್ಡಿದರೆ ಆ ಇಂಗಾಲ ಇಂಗಾಲದ ಡೈಆಕ್ಸೈಡ್ ಆಗಿ ಮೇಲೇರುತ್ತದೆ. ಮಳೆಗೆ ಕೊಚ್ಚಿಹೋದರೆ ಕೆಳಗಿನ ಜಲಾಶಯಗಳ ಕುಡಿಯುವ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ.

ಜೌಗಿನಲ್ಲಿ ಕಾಲುದಾರಿ ಅಗಲವಾಗುವ ಬಗೆ ಹೀಗೆ. ಮೊದಲು ಬಂದವರ ಬೂಟಿನಡಿ ಪಾಚಿ ಜಜ್ಜಿಹೋಗುತ್ತದೆ. ತುಳಿತಕ್ಕೆ ನೆಲ ಗಟ್ಟಿಯಾಗಿ ತಗ್ಗು ಬೀಳುತ್ತದೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಆಮೇಲೆ ಬಂದವರು ಬೂಟು ಒದ್ದೆಯಾದೀತು ಅಂತ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಯಾರಾದರೂ ಅದನ್ನೇ ಮಾಡುತ್ತಾರೆ ಅಲ್ವಾ? ಅಲ್ಲೂ ಕೆಸರಾಗುತ್ತದೆ, ಮುಂದಿನವರು ಇನ್ನೂ ಆಚೆ ಸರಿಯುತ್ತಾರೆ. ತುಳಿತದ ಬಗ್ಗೆ ಅಧ್ಯಯನ ಮಾಡಿದವರು ಒಂದು ಮುಖ್ಯ ಮಾತು ಹೇಳುತ್ತಾರೆ. ಹೊಸ ನೆಲಕ್ಕೆ ಹೆಚ್ಚು ಪೆಟ್ಟು ಬೀಳುವುದು ಮೊದಲ ಕೆಲವು ತುಳಿತಗಳಲ್ಲೇ. ಆಮೇಲೆ ಎಷ್ಟೇ ಜನ ಓಡಾಡಿದರೂ ಹಾನಿ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಹಾಗಾಗಿ ಸೂಕ್ಷ್ಮ ನೆಲದಲ್ಲಿ ನೂರು ಜನ ನೂರು ಕಡೆ ಹರಡಿ ನಡೆಯುವುದಕ್ಕಿಂತ, ಒಬ್ಬರ ಹಿಂದೆ ಒಬ್ಬರು ಒಂದೇ ಸಾಲಿನಲ್ಲಿ ನಡೆಯುವುದೇ ವಾಸಿ.

ಆದರೆ ಬೋರ್ಡು ಹಾಕಿದ ಮಾತ್ರಕ್ಕೆ ಜನ ಒಂದೇ ಸಾಲಿನಲ್ಲಿ ನಡೆಯುವುದಿಲ್ಲ. ಆ ಸಾಲು ಉಳಿದ ನೆಲಕ್ಕಿಂತ ನಡೆಯಲು ಸಲೀಸಾಗಿರಬೇಕು. ಪೆನೈನ್‌ನಲ್ಲಿ ಮೊದಲು ಮರದ ಹಲಗೆ, ಕಟ್ಟಿಗೆಯ ಚಾಪೆಗಳನ್ನೆಲ್ಲ ಹಾಸಿ ನೋಡಿದರು. ಬಾಳಿಕೆ ಬರಲಿಲ್ಲ. ಕೊನೆಗೆ ಕೈಗೆ ಬಂದದ್ದು ಚಪ್ಪಡಿ ಕಲ್ಲು. ಲ್ಯಾಂಕಾಶೈರ್, ಯಾರ್ಕ್‌ಶೈರ್‌ಗಳಲ್ಲಿ ಮುಚ್ಚಿಹೋದ ಬಟ್ಟೆ ಗಿರಣಿಗಳನ್ನು ಕೆಡವುತ್ತಿದ್ದ ಕಾಲ ಅದು. ಅವುಗಳ ನೆಲಹಾಸಿನ ಮರಳುಗಲ್ಲಿನ ಚಪ್ಪಡಿಗಳು ಸಿಕ್ಕವು. ಜೌಗಿನ ಮೇಲೆ ಲಾರಿ ಓಡಿಸಿದರೆ ಚಕ್ರದಿಂದಲೇ ನೆಲ ಹಾಳು. ಅದಕ್ಕೇ ಕಲ್ಲುಗಳನ್ನು ಹೆಲಿಕಾಪ್ಟರ್‌ನಲ್ಲಿ ತೂಗಿಸಿಕೊಂಡು ತಂದು ಇಳಿಸಿದರು. 1990ರ ದಶಕದಲ್ಲಿ ಈ ಕೆಲಸ ದೊಡ್ಡದಾಗಿ ನಡೆಯಿತು. ಅಡಿಪಾಯ ತೋಡಲಿಲ್ಲ, ಪೀಟಿನ ಮೇಲೆಯೇ ಕಲ್ಲು ಕೂರಿಸಿದರು. ಕೆಸರುಗದ್ದೆಗೆ ಹಲಗೆ ಹಾಕಿ ದಾಟುವ ಹಾಗೆ, ಅಗಲವಾದ ಕಲ್ಲು ಮನುಷ್ಯನ ಭಾರವನ್ನು ಹರಡುತ್ತದೆ, ಕಾಲು ಹೂತುಹೋಗುವುದಿಲ್ಲ. ಇವತ್ತಿಗೂ ಕೆಲವು ಚಪ್ಪಡಿಗಳಲ್ಲಿ ಯಂತ್ರಗಳನ್ನು ಬೋಲ್ಟು ಹಾಕಿ ಬಿಗಿದಿದ್ದ ತೂತುಗಳು ಕಾಣುತ್ತವೆ.

ಈ ಕಲ್ಲುಗಳ ಹಿಂದೆ ಇನ್ನೊಂದು ಕತೆಯೂ ಇದೆ. ಆ ಗುಡ್ಡಗಳ ಪಾಚಿ ಸತ್ತದ್ದು ಬೂಟುಗಳಿಂದಷ್ಟೇ ಅಲ್ಲ. ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳು ನೂರಕ್ಕೂ ಹೆಚ್ಚು ವರ್ಷ ಕಲ್ಲಿದ್ದಲು ಉರಿಸಿ ಬಿಟ್ಟ ಗಂಧಕದ ಹೊಗೆ ಮಳೆಯನ್ನೇ ಆಮ್ಲ ಮಾಡಿತ್ತು. ಸ್ಫ್ಯಾಗ್ನಂ ಅದನ್ನು ತಾಳಿಕೊಳ್ಳಲಿಲ್ಲ. ಕುರಿಗಳ ಮೇಯುವಿಕೆ, ಬೆಂಕಿ ಸೇರಿ ಉಳಿದದ್ದನ್ನೂ ಮುಗಿಸಿದವು. ಲ್ಯಾಂಕಾಶೈರ್‌ನ ಹತ್ತಿ ಗಿರಣಿಗಳ ಜೊತೆ ನಮಗೂ ನಂಟಿದೆ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲೆಂದೇ ಕಾರವಾರ ಬಂದರನ್ನು ಬೆಳೆಸಲು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಾಯಿಸಿದ್ದರು. ಈ ನಂಟು ತಿಳಿದ ಮೇಲೆ ಆ ದೂರದ ಗುಡ್ಡ ನನಗೆ ಅಷ್ಟು ದೂರ ಅನ್ನಿಸುವುದಿಲ್ಲ.

ಚಪ್ಪಡಿ ಹಾಸಿದ್ದನ್ನು ಕೆಲವು ಚಾರಣಿಗರು ಒಪ್ಪಲಿಲ್ಲ. ಗುಡ್ಡದ ಕಾಡುತನವೇ ಹೋಯಿತು, ಊರಿನ ಫುಟ್‌ಪಾತ್ ಮಾಡಿಬಿಟ್ಟಿರಿ ಅಂದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ನಾನು ಕಲ್ಲಿನ ಪಕ್ಷ. ಒಬ್ಬರು ನಡೆಯುವಷ್ಟು ಅಗಲದ ಆ ಸಾಲಿನ ಎರಡೂ ಕಡೆ, ಹಿಂದೆ ಬರೀ ರಾಡಿ ಇದ್ದಲ್ಲಿ, ಈಗ ಹುಲ್ಲು ಮತ್ತೆ ಬಂದಿದೆ. ಬ್ಲ್ಯಾಕ್ ಹಿಲ್ ಎಂಬ ಗುಡ್ಡದ ನೆತ್ತಿ ಒಂದು ಕಾಲಕ್ಕೆ ಬೋಳು ಪೀಟಾಗಿತ್ತು. ಅಲ್ಲಿ ಜನರನ್ನು ಚಪ್ಪಡಿಯ ಮೇಲೆ ಹಿಡಿದಿಟ್ಟು, ಬೋಳು ನೆಲಕ್ಕೆ ಸುಣ್ಣ, ಗೊಬ್ಬರ, ಹುಲ್ಲಿನ ಬೀಜ ಹಾಕಿದ ಮೇಲೆ ಹಸಿರು ಚಿಗುರಿತು.

ಎಲ್ಲ ಕಡೆಯೂ ಕಲ್ಲು ಹಾಸಿ ಕೂರಲಿಲ್ಲ ಎನ್ನುವುದೂ ಮುಖ್ಯ. ಈಡೇಲ್‌ನಿಂದ ಹೊರಟ ಹಳೆಯ ದಾರಿ ಗ್ರೈಂಡ್ಸ್‌ಬ್ರೂಕ್ ಕಣಿವೆ ಹತ್ತಿ ಕಿಂಡರ್‌ನ ಪೀಟ್ ಬಯಲನ್ನು ನೇರ ಸೀಳಿ ಹೋಗುತ್ತಿತ್ತು. ಆ ದಾರಿಯನ್ನೇ ಬಿಟ್ಟು, ಜೇಕಬ್ಸ್ ಲ್ಯಾಡರ್ ಎಂಬ ಕಲ್ಲಿನ ಮೆಟ್ಟಿಲ ಕಡೆಯಿಂದ ಬಳಸಿ ಹೋಗುವಂತೆ ಬದಲಿಸಿದರು. ಈಗಿನ ಅಧಿಕೃತ ದಾರಿ ಇದೇ.

ಇನ್ನು ಸೈಕಲ್ಲಿನ ವಿಷಯ. ಪೆನೈನ್ ವೇಯ ಹೆಚ್ಚಿನ ಭಾಗ ನಡೆಯುವವರಿಗೆ ಮಾತ್ರ. ಸೈಕಲ್, ಕುದುರೆ, ನಡಿಗೆ ಮೂರಕ್ಕೂ ‘ಪೆನೈನ್ ಬ್ರೈಡಲ್‌ವೇ’ ಅಂತ ಬೇರೆ ದಾರಿ ಇದೆ. ಹಿಂದೆ ಹೇರುಕುದುರೆಗಳು ಸಾಮಾನು ಹೊತ್ತು ಸಾಗುತ್ತಿದ್ದ ಹಾದಿಗಳನ್ನು ಜೋಡಿಸಿ ಅದನ್ನು ರೂಪಿಸಿದ್ದಾರೆ. ಸೈಕಲ್ಲಿಗಿಂತ ಕಾಲ್ನಡಿಗೆಯೇ ಯಾವಾಗಲೂ ಸೌಮ್ಯ ಅಂತೇನೂ ಇಲ್ಲ. ಅಮೆರಿಕದ ಮೊಂಟಾನಾದಲ್ಲಿ ಒದ್ದೆ ಮಾಡಿದ ದಾರಿಗಳ ಮೇಲೆ ಪ್ರಯೋಗ ಮಾಡಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಕ್ರಗಳಿಗಿಂತ ಕುದುರೆಯ ಗೊರಸು ಮತ್ತು ಮನುಷ್ಯರ ಕಾಲು ಜಾಸ್ತಿ ಮಣ್ಣು ಸಡಿಲಿಸಿದವು. ಚಕ್ರದ ತೊಂದರೆ ಬೇರೆ ಥರದ್ದು. ಕಾಲು ಬಿಡಿಬಿಡಿಯಾಗಿ ಗುಂಡಿ ಮಾಡಿದರೆ, ಚಕ್ರ ಉದ್ದಕ್ಕೂ ಒಂದೇ ಗೆರೆ ಎಳೆಯುತ್ತದೆ. ಇಳಿಜಾರಿನಲ್ಲಿ ಆ ಗೆರೆ ಮಳೆನೀರಿಗೆ ಕಾಲುವೆಯಾಗಿ, ದಾರಿ ಕೊರಕಲು ಬೀಳುತ್ತದೆ. ಅದಕ್ಕೇ ಸೈಕಲ್ ದಾರಿ ಗುಡ್ಡವನ್ನು ನೇರ ಏರದೆ ಅಡ್ಡಲಾಗಿ ಬಳಸಿ ಹೋಗಬೇಕು. ಕೆಳಮಗ್ಗುಲಿಗೆ ಸ್ವಲ್ಪ ವಾಲಿರಬೇಕು. ಅಲ್ಲಲ್ಲಿ ಒಂಚೂರು ಇಳಿದು ಮತ್ತೆ ಏರಬೇಕು. ಆಗ ನೀರು ದಾರಿಗುಂಟ ಓಡದೆ ಆ ತಗ್ಗುಗಳಲ್ಲೇ ಪಕ್ಕಕ್ಕೆ ಹರಿದುಹೋಗುತ್ತದೆ.

ಚಪ್ಪಡಿ ಹಾಸಿದರೆ ಕೆಲಸ ಮುಗಿಯಿತು ಅಂತಲೂ ಅಲ್ಲ. ಪೀಟ್ ಕದಲುವ ನೆಲ. ವರ್ಷಗಳು ಕಳೆದಂತೆ ಕಲ್ಲುಗಳು ಕೆಲವು ಕಡೆ ವಾಲುತ್ತವೆ, ಕೆಲವು ಕಡೆ ಮುಳುಗುತ್ತವೆ. ಚಳಿಗಾಲದಲ್ಲಿ ಮಂಜುಗಟ್ಟಿ ಜಾರುತ್ತವೆ. ಒಂದು ಕಲ್ಲು ನೀರಿನಲ್ಲಿ ಮುಳುಗಿದರೆ ಸಾಕು, ಜನ ಮತ್ತೆ ಪಕ್ಕದ ಹುಲ್ಲಿಗೆ ಕಾಲಿಡುತ್ತಾರೆ. ಹಾಗಾಗಿ ಅಲ್ಲಿ ದಾರಿ ನೋಡಿಕೊಳ್ಳುವವರು ಪ್ರತಿ ವರ್ಷವೂ ವಾಲಿದ ಕಲ್ಲನ್ನು ಎತ್ತಿ, ಮಟ್ಟ ಮಾಡಿ, ಮತ್ತೆ ಕೂರಿಸುತ್ತಲೇ ಇರಬೇಕು.