ಪದ ಪರಿಚಯ: ಅಚ್ಚು

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಡಾಬಸ್‌ಪೇಟೆಯಲ್ಲಿ ತಿರುಗಿದರೆ ಶಿವಗಂಗೆ ಬೆಟ್ಟ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಹಾವು ಎಂದು ಹಿಂದಿನಿಂದಲೂ ಹೇಳುತ್ತಾರೆ. ಅಚ್ಚುಚಿತ್ರ ಕಲಿಯುತ್ತಿದ್ದಾಗ ನಾನು ಪೂರ್ವದ ಕಡೆ ಕೂತು ಈ ಬೆಟ್ಟದ ಅಂಚನ್ನು ಒಂದು ತಗಡಿನ ಮೇಲೆ ಗೀರಿಕೊಂಡು ಬಂದೆ. ತಗಡಿಗೆ ಮಸಿ ತುಂಬಿ, ಪ್ರೆಸ್ಸಿನಲ್ಲಿ ಒತ್ತಿ ಕಾಗದ ಎತ್ತಿ ನೋಡಿದರೆ ಬಸವ ಆ ಕಡೆಗೆ ತಿರುಗಿ ನಿಂತಿದ್ದ. ಎಡ ಬಲಕ್ಕೆ ಹೋಗಿತ್ತು, ಬಲ ಎಡಕ್ಕೆ ಬಂದಿತ್ತು.

ಆಮೇಲೆ ಹೊಳೆಯಿತು. ದೂರದಿಂದ ಕಾಣುವ ಬೆಟ್ಟದ ಅಂಚು ಒಂದೇ ಗೆರೆ. ಅದನ್ನೇ ಆ ಕಡೆಯಿಂದ ನೋಡಿದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಅಂದರೆ ನನ್ನ ಕೈಯಲ್ಲಿದ್ದ ಕಾಗದದಲ್ಲಿ ಪಶ್ಚಿಮದಿಂದ ಕಾಣುವ ಬೆಟ್ಟವಿತ್ತು, ಗಣಪತಿಯ ಬೆಟ್ಟ. ಪೂರ್ವದಲ್ಲಿ ಕೂತು ಬರೆದದ್ದು ಪಶ್ಚಿಮವಾಗಿ ಬಂದಿತ್ತು. ಅವತ್ತಿನಿಂದ ‘ಅಚ್ಚು’ ಅನ್ನುವ ಪದದ ಮೇಲೆ ನನಗೆ ಬೇರೆಯದೇ ಪ್ರೀತಿ.

ಈ ಪದ ನಮಗೆ ಹೊಸದಲ್ಲ. ಸಂಕ್ರಾಂತಿಗೆ ಎಳ್ಳಿನ ಜೊತೆ ಸಕ್ಕರೆ ಅಚ್ಚು ಬೀರುತ್ತೇವೆ ಅಲ್ವಾ? ಮರದ ಅಚ್ಚಿನಲ್ಲಿ ಗೋಪುರವನ್ನೋ ತುಳಸಿಕಟ್ಟೆಯನ್ನೋ ಒಳಕ್ಕೆ ಕೊರೆದಿರುತ್ತಾರೆ. ಪಾಕ ಹೊಯ್ದು ಬಿಡಿಸಿದರೆ ತಗ್ಗಾಗಿದ್ದದ್ದು ಉಬ್ಬಾಗಿ ಬರುತ್ತದೆ. ಹೊಯ್ದ ಮರವೂ ಅಚ್ಚು, ಹೊರಬಂದ ಸಕ್ಕರೆಯೂ ಅಚ್ಚು. ಎರಡಕ್ಕೂ ಒಂದೇ ಹೆಸರಿಟ್ಟವರು ಯಾರೋ, ನನಗೆ ಅದು ತುಂಬ ಇಷ್ಟ. ಬೆಲ್ಲದ ಅಚ್ಚು, ಪುಸ್ತಕ ಅಚ್ಚಾಗುವುದು, ಮೊಳೆ ಜೋಡಿಸುವ ಅಚ್ಚುಕೂಟ, ಮನಸ್ಸಿನಲ್ಲಿ ಅಚ್ಚೊತ್ತಿದ ಮಾತು, ಎಲ್ಲದರಲ್ಲೂ ಇದೇ ಪದ. ಕೆರೆಯ ನೀರು ಹರಿಯುವಷ್ಟು ಜಮೀನಿಗೆ ಅಚ್ಚುಕಟ್ಟು ಎನ್ನುತ್ತೇವೆ. ಬಂಡಿಯ ಅಚ್ಚು ಮಾತ್ರ ಬೇರೆ. ಅದು ‘ಅಕ್ಷ’ದಿಂದ ಬಂದದ್ದು.

ಕಲಾವಿದರ ಬಾಯಲ್ಲಿ ಅಚ್ಚು ಎಂದರೆ ಒಂದು ಮೈಯಿಂದ ಇನ್ನೊಂದು ಮೈಗೆ ಒತ್ತಿ ತೆಗೆದ ಚಿತ್ರ. ಗ್ಯಾಲರಿಯಲ್ಲಿ ಇಂಥ ಬೆಟ್ಟ, ಕೆರೆ, ದೇವರಕಾಡಿನ ಚಿತ್ರದ ಮುಂದೆ ನಿಂತವರು ‘ಇದು ಪ್ರಿಂಟೌಟಾ?’ ಎಂದು ಕೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅಲ್ಲ. ಎಲ್ಲೋ ಇರುವ ಮೂಲಚಿತ್ರದ ನಕಲು ಇದಲ್ಲ. ತಗಡೇ ಬೇರೆ, ಕಾಗದವೇ ಬೇರೆ, ಚಿತ್ರ ಹುಟ್ಟುವುದು ಕಾಗದದ ಮೇಲೆ. ಕೆಳಗೆ ಪೆನ್ಸಿಲಿನಲ್ಲಿ 5/20 ಎಂದು ಬರೆದಿದ್ದರೆ, ಕೈಯಿಂದ ಒತ್ತಿ ತೆಗೆದ 20 ಕಾಗದಗಳಲ್ಲಿ ಇದು 5ನೆಯದು ಎಂದರ್ಥ. ಆ 20ರಲ್ಲಿ ಪ್ರತಿಯೊಂದೂ ಮೂಲವೇ.

ಮರದಚ್ಚಿನಲ್ಲಿ ಉಳಿದ ಭಾಗಕ್ಕೆ ಮಸಿ, ಕೊರೆದ ಭಾಗ ಬಿಳಿ. ಕಲ್ಲಚ್ಚಿನಲ್ಲಿ ಕೊರೆಯುವುದೇ ಇಲ್ಲ. ಜಿಡ್ಡಿನ ಬಳಪದಲ್ಲಿ ಕಲ್ಲಿನ ಮೇಲೆ ಬರೆದು ನೀರು ಸವರಿದರೆ ಜಿಡ್ಡು ಮಾತ್ರ ಮಸಿ ಹಿಡಿಯುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದದ್ದು ಕಲ್ಲಚ್ಚಿನಲ್ಲಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯ ಘಾಟ್ಕೋಪರಿನಲ್ಲಿ ಹಾಕಿದ ಪ್ರೆಸ್ಸೂ ಕಲ್ಲಚ್ಚಿನದೇ. ಲಕ್ಷ್ಮಿ, ಸರಸ್ವತಿ ಅಲ್ಲಿಂದಲೇ ಅಚ್ಚಾಗಿ ನಮ್ಮ ದೇವರಮನೆಗಳಿಗೆ ಬಂದರು.

ನನಗೆ ಹತ್ತಿರವಾದದ್ದು ತಗಡಿನ ಅಚ್ಚು, ಎಚಿಂಗ್. ಸತುವಿನ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಲೇಪವನ್ನಷ್ಟೇ ಗೀರುತ್ತಾರೆ. ತಗಡನ್ನು ನೈಟ್ರಿಕ್ ಆಸಿಡ್ಡಿನಲ್ಲಿ ಮುಳುಗಿಸಿದರೆ ಗೀರಿದ ಕಡೆ ಗುಳ್ಳೆ ಏಳುತ್ತದೆ. ಒಂದು ಹಕ್ಕಿಗರಿಯಿಂದ ಆ ಗುಳ್ಳೆಯನ್ನು ಮೆಲ್ಲಗೆ ಸರಿಸುತ್ತಾ ಇರಬೇಕು. ಬೇಗ ತೆಗೆದರೆ ಗೆರೆ ತೆಳು, ಜಾಸ್ತಿ ಬಿಟ್ಟರೆ ಕಪ್ಪು. ಆಮೇಲೆ ಮಸಿ ತುಂಬಿ, ಜಾಳು ಬಟ್ಟೆಯಿಂದ ಒರೆಸಿ, ಕೊನೆಗೆ ಅಂಗೈಯಿಂದಲೇ ಸವರುತ್ತಾರೆ. ಮಸಿ ಉಳಿಯುವುದು ತಗ್ಗಿನಲ್ಲಿ ಮಾತ್ರ. ಮೇಲೆ ನೆನೆಸಿದ ಕಾಗದ, ಅದರ ಮೇಲೆ ಕಂಬಳಿ, ಆಮೇಲೆ ಪ್ರೆಸ್ಸಿನ ಚಕ್ರ. ಒದ್ದೆ ಕಾಗದ ಆ ತಗ್ಗಿನೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಒಣಗಿದ ಮೇಲೆ ಬೆರಳಾಡಿಸಿದರೆ ಗೆರೆ ಕೈಗೆ ಸಿಗುತ್ತದೆ.

ಬಣ್ಣದ ಚಿತ್ರದ ದಾರಿ ಬೇರೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾದ ಕಲಾವಿದ ನಿಕೋಲಸ್ ರೋರಿಕ್ ಬರೆದ ಹಿಮಾಲಯದ ಚಿತ್ರಗಳಿವೆ. ಅವರ ಮಗ ಸ್ವೆತೊಸ್ಲಾವ್ ಬೆಂಗಳೂರಿನ ಹತ್ತಿರ, ನಮ್ಮ ತಾತಗುಣಿಯಲ್ಲೇ ಬಾಳಿದವರು. ಆ ನೀಲಿ ಬೆಟ್ಟಗಳ ಮುಂದೆ ನಿಂತರೆ ಬೆಟ್ಟ ದೂರದಲ್ಲೇ ಇರುತ್ತದೆ. ದೂರ ಇರುವುದರಿಂದಲೇ ಕೈ ಮುಗಿಯೋಣ ಅನ್ನಿಸುತ್ತದೆ. ಅಚ್ಚಿನಲ್ಲಿ ಆ ದೂರಕ್ಕೆ ಜಾಗವಿಲ್ಲ. ತಗಡು ಕಾಗದವನ್ನು ಮುಟ್ಟಲೇಬೇಕು.

ದೇವರ ನೆಲವನ್ನು ನಾವು ಗುರುತು ಹಿಡಿಯುವುದೂ ಹೀಗೇ ಅಲ್ವಾ? ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಭದ್ರಬಾಹು ಗವಿ ಇದೆ. ಅಲ್ಲಿ ಜನ ನಮಸ್ಕಾರ ಮಾಡುವುದು ಕಲ್ಲಿನ ಪಾದಗಳಿಗೆ. ಎಷ್ಟೋ ಊರಿನಲ್ಲಿ ಬಂಡೆಯ ಮೇಲಿನ ಗುಳಿಗೆ ಭೀಮನ ಹೆಜ್ಜೆ, ರಾಮನ ಪಾದ ಎಂದು ಹೆಸರಿದೆ. ಯಾರೋ ಬಂದಿದ್ದರು, ಕಲ್ಲು ಮೆತ್ತಗಾಗಿ ಅವರ ಭಾರ ಹಿಡಿದಿಟ್ಟುಕೊಂಡಿತು ಎಂಬ ನಂಬಿಕೆ. ಕುಂಕುಮ ಹಚ್ಚಿದ ಆ ತಗ್ಗನ್ನು ನೋಡಿದಾಗಲೆಲ್ಲ ನನಗೆ ಮಸಿ ತುಂಬಿದ ತಗಡು ನೆನಪಾಗುತ್ತದೆ. ಚಿತ್ರ ಬರೆಯುವವರು ಬೆಟ್ಟಗುಡ್ಡಗಳ ಬೆನ್ನು ಹತ್ತಿದಾಗ ಕುಂಚ ಕೆಳಗಿಟ್ಟು ಸೂಜಿ ಹಿಡಿಯುವುದು ಸುಮ್ನೆ ಅಲ್ಲ ಎಂದು ನಾನು ನಂಬುತ್ತೇನೆ.

ಇದರಲ್ಲಿ ಒಂದು ತೊಡಕೂ ಇದೆ. ಬೆಟ್ಟ ಸುತ್ತುವ ದಾರಿಯನ್ನು ಇದ್ದ ಹಾಗೆ ತಗಡಿಗೆ ಇಳಿಸಿದರೆ ಕಾಗದದಲ್ಲಿ ಪ್ರದಕ್ಷಿಣೆ ಅಪ್ರದಕ್ಷಿಣೆ ಆಗುತ್ತದೆ. ಗುಡಿಯ ಹೆಸರು ಬರೆದರೆ ಅಕ್ಷರ ತಿರುಗಿ ಕೂರುತ್ತದೆ. ಕೆಲವರು ಮೊದಲೇ ತಿರುಗಿಸಿ ಬರೆಯುತ್ತಾರೆ, ಕೆಲವರು ಬಂದ ಹಾಗೇ ಬಿಡುತ್ತಾರೆ. ದಾರಿಯನ್ನು ತಿರುಗಿಸಿಕೊಳ್ಳಬೇಕು, ಬೆಟ್ಟವನ್ನು ಬಿಟ್ಟುಬಿಡಬೇಕು ಎನ್ನುವುದು ನನ್ನ ಅಭಿಪ್ರಾಯ. ನಡೆಯುವ ದಿಕ್ಕಿಗೆ ಒಂದು ನೇಮವಿದೆ. ಬೆಟ್ಟಕ್ಕಾದರೆ ಎಲ್ಲ ದಿಕ್ಕಿನಿಂದಲೂ ಮುಖವೇ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಒಮ್ಮೆ ಕಾಗದ ತೆಗೆದ ಮೇಲೆ, ಹೊಸದಾಗಿ ಮಸಿ ಹಾಕದೆ ಅದೇ ತಗಡಿನಿಂದ ಎರಡನೇ ಕಾಗದ ತೆಗೆದರೆ ಮಸುಕಾದ ಚಿತ್ರ ಬರುತ್ತದೆ. ಸ್ಟುಡಿಯೋಗಳಲ್ಲಿ ಇದಕ್ಕೆ ಘೋಸ್ಟ್ ಪ್ರಿಂಟ್ ಎನ್ನುತ್ತಾರೆ. ಕನ್ನಡದಲ್ಲಿ ನಾನು ‘ಉಳಿದಚ್ಚು’ ಎಂದು ಕರೆದುಕೊಳ್ಳುತ್ತೇನೆ.

ಬೆಂಗಳೂರಿನ ಸಂಪಂಗಿ ಕೆರೆ ನನಗೆ ಅಂಥ ಉಳಿದಚ್ಚು. ದೊಡ್ಡ ಕೆರೆಯಿದ್ದ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣ. ಪಕ್ಕದಲ್ಲಿ ಉಳಿದಿರುವುದು ಚಿಕ್ಕದೊಂದು ಹೊಂಡ. ಆದರೂ ಚೈತ್ರದಲ್ಲಿ ಕರಗದ ಆಚರಣೆಗೆ ತಿಗಳರು ಈ ನೀರಿನ ಬಳಿಗೇ ಬರುತ್ತಾರೆ. ಕೆರೆ ಇಷ್ಟಗಲವೇ ಉಳಿದಿದ್ದರೂ ಅವರಿಗೆ ಅದು ಅದೇ ಕೆರೆ.

ಆ ಹೊಂಡದ ದಡವನ್ನು ನಾನು ಒಂದು ಅಂಗೈಯಗಲದ ತಗಡಿನಲ್ಲಿ ಗೀರಿದ್ದೇನೆ. ಮೊದಲ ಕಾಗದ ದಟ್ಟ ಕಪ್ಪಾಗಿ, ಚೆನ್ನಾಗಿಯೇ ಬಂದಿತು. ಅದನ್ನು ಡ್ರಾಯರಿನಲ್ಲಿ ಇಟ್ಟಿದ್ದೇನೆ. ಗೋಡೆಗೆ ಹಾಕಿರುವುದು ಎರಡನೆಯದನ್ನು.