ಕಾಗದ ಇಲ್ಲದ ಕಲೆ, ಟೇಪಿನಲ್ಲಿ ಉಳಿದ ಚರಿತ್ರೆ

ಅಮೆರಿಕದಲ್ಲಿ ಕೆಲಸಕ್ಕೋ ಮಕ್ಕಳ ಶಾಲೆಗೋ ಅರ್ಜಿ ತುಂಬಿದ ಕನ್ನಡಿಗರು ಈ ಪ್ರಶ್ನೆಯನ್ನು ನೋಡಿಯೇ ಇರುತ್ತಾರೆ: ‘ನೀವು ಹಿಸ್ಪಾನಿಕ್ ಅಥವಾ ಲ್ಯಾಟಿನೋ ಮೂಲದವರೇ?’ ನಮ್ಮವರು ‘ಅಲ್ಲ’ ಎಂದು ಗುರುತು ಹಾಕಿ ಮುಂದಿನ ಸಾಲಿಗೆ ಹೋಗುತ್ತಾರೆ. ‘ಹೌದು’ ಎನ್ನಬೇಕಾದವರಿಗೆ ಅದು ಅಷ್ಟು ಸಲೀಸಲ್ಲ. ಟೆಕ್ಸಾಸ್‌ನಲ್ಲಿ ತಲೆಮಾರುಗಳಿಂದ ನೆಲೆಸಿರುವ ಮೆಕ್ಸಿಕನ್ ಮೂಲದವರು, 1917ರಿಂದ ಅಮೆರಿಕದ ಪೌರರೇ ಆಗಿರುವ ಪೋರ್ಟೊರಿಕನ್ನರು, 1959ರ ಕ್ರಾಂತಿಯ ನಂತರ ಮಯಾಮಿಗೆ ಬಂದ ಕ್ಯೂಬನ್ನರು, ಎಲ್ಲರಿಗೂ ಅದೊಂದೇ ಚೌಕ.

ಆ ಚೌಕ ಹುಟ್ಟಿದ್ದೂ ಎಡವುತ್ತಲೇ. 1930ರ ಜನಗಣತಿಯಲ್ಲಿ ‘ಮೆಕ್ಸಿಕನ್’ ಒಂದು ಜನಾಂಗವಾಗಿತ್ತು, 1940ರಲ್ಲಿ ಅದನ್ನು ಕೈಬಿಟ್ಟರು. 1970ರಲ್ಲಿ ಶೇ 5ರಷ್ಟು ಮನೆಗಳಿಗೆ ಮಾತ್ರ ಸ್ಪ್ಯಾನಿಷ್ ಮೂಲದ ಪ್ರಶ್ನೆ ಹೋಯಿತು. ಉತ್ತರಗಳ ಪಟ್ಟಿಯಲ್ಲಿ ‘ಮಧ್ಯ ಅಥವಾ ದಕ್ಷಿಣ ಅಮೆರಿಕದವರು’ ಎಂದಿದ್ದುದನ್ನು ಅಮೆರಿಕದ ಮಧ್ಯಭಾಗದ, ದಕ್ಷಿಣದ ರಾಜ್ಯಗಳ ಜನ ತಮ್ಮನ್ನೇ ಕೇಳುತ್ತಿದ್ದಾರೆಂದು ತಿಳಿದು ಟಿಕ್ ಮಾಡಿದರು. ಎಲ್ಲ ಮನೆಗಳಿಗೂ ಪ್ರಶ್ನೆ ತಲುಪಿದ್ದು 1980ರಲ್ಲಿ. ‘ಲ್ಯಾಟಿನೋ’ ಎಂಬ ಪದ ಜನಗಣತಿಯ ನಮೂನೆಗೆ ಬಂದದ್ದು 2000ದಲ್ಲಿ.

ಈ ಜನರ ಕಲೆಯ ಚರಿತ್ರೆ ಬರೆಯಲು ಹೊರಟವರಿಗೆ ಇನ್ನೊಂದು ತೊಡಕು ಎದುರಾಯಿತು: ಕಾಗದಪತ್ರವೇ ಇಲ್ಲ. ಕಲಾ ಇತಿಹಾಸ ಸಾಮಾನ್ಯವಾಗಿ ಗ್ಯಾಲರಿಯ ಬಿಲ್ಲು, ಪ್ರದರ್ಶನದ ಕ್ಯಾಟಲಾಗು, ಪತ್ರಿಕಾ ವಿಮರ್ಶೆ, ಮ್ಯೂಸಿಯಂ ಕಡತಗಳ ಮೇಲೆ ನಿಲ್ಲುತ್ತದೆ. ಮೆಕ್ಸಿಕನ್-ಅಮೆರಿಕನ್ ಹೋರಾಟದಿಂದ ಹುಟ್ಟಿದ ಚಿಕಾನೋ ಕಲೆ ಇದ್ದದ್ದು ಗೋಡೆಯ ಮೇಲೆ, ಮುಷ್ಕರದ ಪೋಸ್ಟರಿನಲ್ಲಿ, ರಸ್ತೆಯ ಮೆರವಣಿಗೆಯಲ್ಲಿ. ಇದನ್ನೆಲ್ಲ ಯಾವ ಮ್ಯೂಸಿಯಂ ಕಡತ ಮಾಡಿಟ್ಟೀತು?

1972ರ ಒಂದು ಪ್ರಸಂಗ ನೋಡಿ. ಪೂರ್ವ ಲಾಸ್ ಏಂಜಲೀಸ್‌ನ ಹ್ಯಾರಿ ಗಂಬೋವಾ ನಗರದ ಕೌಂಟಿ ಮ್ಯೂಸಿಯಂಗೆ ಹೋಗಿ, ಇಲ್ಲಿ ಚಿಕಾನೋ ಕಲೆ ಯಾಕಿಲ್ಲ ಎಂದು ಕೇಳಿದರು. ನಿಮ್ಮವರು ಲಲಿತಕಲೆ ಮಾಡುವುದಿಲ್ಲ, ಜಾನಪದ ಕಲೆ ಮಾಡುತ್ತಾರೆ ಇಲ್ಲವೇ ಗ್ಯಾಂಗ್ ಸೇರುತ್ತಾರೆ ಎಂಬ ಅರ್ಥದ ಉತ್ತರ ಬಂತು. ‘ಆಸ್ಕೋ’ ಎಂಬ ಚಿಕಾನೋ ಕಲಾವಿದರ ಗುಂಪಿನ ಗಂಬೋವಾ, ಗ್ರಾಂಕ್, ವಿಲ್ಲಿ ಹೆರೋನ್ ಮೂವರೂ ಮ್ಯೂಸಿಯಂ ಹೊರಗೋಡೆಯ ಮೇಲೆ ಸ್ಪ್ರೇ ಪೇಂಟಿನಲ್ಲಿ ತಮ್ಮ ಹೆಸರು ಬರೆದರು, ಇಡೀ ಮ್ಯೂಸಿಯಮ್ಮೇ ತಮ್ಮ ಕೃತಿ ಎಂಬಂತೆ. ಅದರ ಮೇಲೆ ಬಣ್ಣ ಬಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಉಳಿದದ್ದು ಗುಂಪಿನ ನಾಲ್ಕನೆಯವರಾದ ಪ್ಯಾಟ್ಸಿ ವಾಲ್ಡೆಸ್ ಆ ಸಹಿಗಳ ಮೇಲ್ಗಡೆ ನಿಂತಿರುವ ಒಂದು ಫೋಟೊ. ಮ್ಯೂಸಿಯಂನ ಒಳಗೆ ನಡೆದ ಮಾತು ನಮಗೆ ಸಿಕ್ಕಿರುವುದು ಗಂಬೋವಾ ಹೇಳಿದ್ದರಿಂದಲೇ. ಕಲಾ ಇತಿಹಾಸದ ತರಗತಿಗಳಲ್ಲಿ ಇಂದು ಕಲಿಸುವ ಈ ಕೃತಿಯ ಅರ್ಧ ಆಧಾರ ಹೀಗೆ ಬರೀ ಬಾಯಿಮಾತು.

1969ರಲ್ಲಿ ನ್ಯೂಯಾರ್ಕ್‌ನ ಈಸ್ಟ್ ಹಾರ್ಲೆಮ್‌ನಲ್ಲಿ ಎಲ್ ಮ್ಯೂಸಿಯೊ ಡೆಲ್ ಬಾರಿಯೊ ಎಂಬ ಪೋರ್ಟೊರಿಕನ್ ಮ್ಯೂಸಿಯಂ, ಅದೇ ವರ್ಷ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ಚಿಕಾನೋ ಅಧ್ಯಯನ ಕೇಂದ್ರ ಶುರುವಾದವು. ಕಲಾವಿದರ ಬಾಯಿಮಾತನ್ನು ಟೇಪಿಗಿಳಿಸುವ ಸಂದರ್ಶನಗಳು ಗಟ್ಟಿಯಾಗಿ ನಡೆದದ್ದು ಇನ್ನೂ ತಡವಾಗಿ. ಅಮೆರಿಕದ ರಾಷ್ಟ್ರೀಯ ಮ್ಯೂಸಿಯಂಗಳ ಸಂಸ್ಥೆಯಾದ ಸ್ಮಿತ್ಸೋನಿಯನ್‌ನ ‘ಆರ್ಕೈವ್ಸ್ ಆಫ್ ಅಮೆರಿಕನ್ ಆರ್ಟ್’ ಎಂಬ ಕಲಾ ದಾಖಲೆ ಸಂಗ್ರಹಕ್ಕಾಗಿ 1986ರ ಆಗಸ್ಟಿನಲ್ಲಿ ಅಮಾಲಿಯಾ ಮೆಸಾ-ಬೇನ್ಸ್ ಎರಡು ದಿನ ಭಿತ್ತಿಚಿತ್ರಗಳ ಜೂಡಿ ಬಾಕಾ ಅವರನ್ನು ಮಾತಾಡಿಸಿದರು. ಕೇಳಿದವರೂ ಕಲಾವಿದೆ, ಹೇಳಿದವರೂ ಕಲಾವಿದೆ. ಹೊರಗಿನ ಪತ್ರಕರ್ತರು ಕೇಳುವ ‘ಚಿಕಾನಾ (ಚಿಕಾನೋ ಮಹಿಳೆ) ಎಂದರೇನು’ ಎಂಬ ಪ್ರಶ್ನೆಗೆ ಇಲ್ಲಿ ಹೊತ್ತು ಕಳೆಯಬೇಕಾಗಿರಲಿಲ್ಲ.

ಇಂಥ ಸಂದರ್ಶನಕ್ಕೆ ಒಂದು ಶಿಸ್ತು ಬೇಕು. ಒಂದೇ ಬೈಠಕ್‌ನಲ್ಲಿ ಮುಗಿಸುವುದಿಲ್ಲ. ಎರಡು ಗಂಟೆ ದಾಟಿದರೆ ಹೇಳುವವರ ನೆನಪು ದಣಿಯುತ್ತದೆ, ಉತ್ತರಗಳು ಹಿಂದೆ ಎಲ್ಲೋ ಹೇಳಿದ್ದರ ಪುನರಾವರ್ತನೆಯಾಗುತ್ತವೆ. ಹಳೆಯ ಪೋಸ್ಟರು, ಫೋಟೊಗಳನ್ನು ಮೇಜಿನ ಮೇಲೆ ಹರಡಿ ‘ಇದು ಎಲ್ಲಿ ಅಚ್ಚಾಯಿತು, ಇಂಕು ಎಳೆದವರು ಯಾರು, ದುಡ್ಡು ಯಾರು ಕೊಟ್ಟರು’ ಎಂದು ಕೇಳಿದರೆ ಹೆಸರುಗಳು ಹೊರಬರುತ್ತವೆ. ಸಹಿ, ತಾರೀಖು ಇಲ್ಲದ ಸಿಲ್ಕ್‌ಸ್ಕ್ರೀನ್ ಪೋಸ್ಟರುಗಳ ವಿಷಯದಲ್ಲಿ ಬೇರೆ ದಾರಿಯೂ ಇಲ್ಲ. ಇಬ್ಬರಿಗೂ ಬೇರೆ ಬೇರೆ ಮೈಕು. 48 ಕಿಲೊಹರ್ಟ್ಸ್, 24 ಬಿಟ್ ವೇವ್ ಫೈಲು, ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 1 ಜಿಬಿ. ಶುರುವಿನಲ್ಲೇ ಹೆಸರು, ದಿನ, ಊರು ಬಾಯಲ್ಲಿ ಹೇಳಿಸಬೇಕು. ಫೈಲಿನ ಹೆಸರು ಮುಂದೆ ಯಾವಾಗಲೋ ಬದಲಾಗಿ ಹೋಗುತ್ತದೆ, ದನಿ ಬದಲಾಗುವುದಿಲ್ಲ.

ಎಡವಟ್ಟು ಹೆಚ್ಚಾಗಿ ಆಗುವುದು ಬರಹಕ್ಕಿಳಿಸುವಾಗ. ಒಂದು ಗಂಟೆಯ ಮಾತಿಗೆ ಆರೆಂಟು ಗಂಟೆ ಟೈಪಿಂಗ್ ಹಿಡಿಯುತ್ತದೆ. ಪೂರ್ವ ಲಾಸ್ ಏಂಜಲೀಸ್‌ನವರು ಒಂದೇ ವಾಕ್ಯದಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ‘ಕಲೋ’ ಎಂಬ ಬೀದಿಮಾತು ಬೆರೆಸಿ ಮಾತಾಡುತ್ತಾರೆ. ಸ್ಪ್ಯಾನಿಷ್ ಬಾರದವರು ಅಲ್ಲಿ ‘ಸ್ಪ್ಯಾನಿಷ್‌ನಲ್ಲಿ ಮಾತು’ ಎಂದಷ್ಟೇ ಬರೆದು ಮುಂದೆ ಹೋದರೆ ಜೋಕು, ಬೈಗುಳ, ಅಜ್ಜಿಯ ಮಾತು, ಅಂದರೆ ನಾವು ಹುಡುಕುತ್ತಿದ್ದ ಅಸ್ಮಿತೆಯೇ ಕಂಸದೊಳಗೆ ಮಾಯವಾಗುತ್ತದೆ. ಮ್ಯಾಡ್ರಿಡ್‌ನ ಸ್ಪ್ಯಾನಿಷ್ ಓದಿದವರಿಗೂ ಕಲೋ ದಕ್ಕುವುದಿಲ್ಲ. ಅದೇ ಬಡಾವಣೆಯ ಮಾತು ಗೊತ್ತಿರುವವರು ಟೇಪು ಕೇಳುತ್ತ ತಿದ್ದಬೇಕು. ಕಲಾವಿದರಿಗೆ ಪ್ರತಿ ಕಳಿಸಿದಾಗ ಅವರು ಸಿಟ್ಟಿನ ಮಾತುಗಳನ್ನು ಹೊಡೆದುಹಾಕುವುದುಂಟು, ಅದು ಅವರ ಹಕ್ಕು. ಹಾಗಾಗಿ ಮೂಲ ಧ್ವನಿ ಯಾರಿಗೆ ಯಾವಾಗ ಸಿಗಬೇಕು ಎಂಬುದು ಒಪ್ಪಿಗೆ ಪತ್ರದಲ್ಲಿ ಮೊದಲೇ ಇರಬೇಕು.

ಹಳೆಯ ಟೇಪುಗಳದ್ದು ಬೇರೆ ಕಥೆ. 1970-80ರ ದಶಕದ ಕೆಲವು ರೀಲುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಪ್ಲೇ ಮಾಡಿದರೆ ಪುಡಿ ಕಿತ್ತು, ಟೇಪ್ ಯಂತ್ರದಲ್ಲಿ ಧ್ವನಿ ಓದುವ ಹೆಡ್ಡಿಗೆ ಮೆತ್ತಿಕೊಂಡು ಧ್ವನಿಯೇ ಹೋಗುತ್ತದೆ. ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಬಿಸಿ ಹಿಡಿಸಿ, ತಣಿದ ಮೇಲೆ ಕೂಡಲೇ ಡಿಜಿಟಲ್‌ಗೆ ಇಳಿಸುತ್ತಾರೆ. ಇದು ಪಾಲಿಯೆಸ್ಟರ್ ಟೇಪಿಗೆ ಮಾತ್ರ, ಅಸಿಟೇಟ್ ಟೇಪನ್ನು ಹೀಗೆ ಕಾಯಿಸಬಾರದು.

ಕಲೆಗಿಂತ ಮಾತುಕತೆಯೇ ಮೊದಲು ಬಂದದ್ದಕ್ಕೆ ಬಾಕಾ ಅವರ ‘ಗ್ರೇಟ್ ವಾಲ್’ ಉದಾಹರಣೆ. ಸ್ಯಾನ್ ಫೆರ್ನಾಂಡೊ ಕಣಿವೆಯ ತುಹುಂಗಾ ನೆರೆಕಾಲುವೆಯ ಕಾಂಕ್ರೀಟ್ ಗೋಡೆಯ ಮೇಲೆ 2,754 ಅಡಿ ಉದ್ದದ ಭಿತ್ತಿಚಿತ್ರವಿದು. 1976ರಿಂದ 1983ರವರೆಗೆ ಐದು ಬೇಸಿಗೆಗಳಲ್ಲಿ ಬರೆದದ್ದು. ಮಳೆಗಾಲದಲ್ಲಿ ಕಾಲುವೆಗೆ ನೀರು ಬರುತ್ತದೆ, ಅಟ್ಟಣಿಗೆ ನಿಲ್ಲದು. ಬಡಾವಣೆಯ ಹಿರಿಯರನ್ನು, ಇತಿಹಾಸಕಾರರನ್ನು ಕೇಳಿ ಕತೆ ಕೂಡಿಸಿದ ಮೇಲೆಯೇ ಗೋಡೆಯನ್ನು ಉಜ್ಜಿ, ಸೀಲ್ ಮಾಡಿ, ಗೆರೆ ಎಳೆದು ಬಣ್ಣಕ್ಕಿಳಿಯುತ್ತಿದ್ದರು. 400ಕ್ಕೂ ಹೆಚ್ಚು ಹದಿಹರೆಯದವರು ದುಡಿದರು. ನಿವಾಸಿಗಳು ಮನೆ ಕಳೆದುಕೊಂಡ ಲಾಸ್ ಏಂಜಲೀಸ್‌ನ ಶಾವೆಸ್ ರವೀನ್ ಬಡಾವಣೆಯ ಮೇಲೆ ಬೇಸ್‌ಬಾಲ್ ಸ್ಟೇಡಿಯಂ ಇಳಿದು ಬರುವ ಚಿತ್ರ ಆ ಗೋಡೆಯಲ್ಲಿದೆ. 2023ರಲ್ಲಿ ಬಾಕಾ ಇದರ ಮುಂದಿನ ಭಾಗಗಳನ್ನು ಜನರೆದುರೇ ಬರೆಯಲು ಕೂತದ್ದು ಅದೇ ಕೌಂಟಿ ಮ್ಯೂಸಿಯಂ ಒಳಗೆ.

1994ರಲ್ಲಿ ಸ್ಮಿತ್ಸೋನಿಯನ್‌ನ ಸ್ವಂತ ಕಾರ್ಯಪಡೆಯೇ, ಲ್ಯಾಟಿನೋಗಳನ್ನು ಸಂಸ್ಥೆ ಬೇಕೆಂದೇ ಕಡೆಗಣಿಸಿದೆ ಎಂದು ವರದಿ ಕೊಟ್ಟಿತು. 2020ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಲ್ಯಾಟಿನೋ ಮ್ಯೂಸಿಯಂಗೆ ಕಾನೂನಿನ ಒಪ್ಪಿಗೆ ಸಿಕ್ಕಿತು. 2022ರಲ್ಲಿ ಸ್ಮಿತ್ಸೋನಿಯನ್‌ನ ಅಮೆರಿಕ ಇತಿಹಾಸ ಮ್ಯೂಸಿಯಂನಲ್ಲಿ 4,500 ಚದರ ಅಡಿಯ ಗ್ಯಾಲರಿ ತೆರೆಯಿತು. ಮೊದಲ ಪ್ರದರ್ಶನಕ್ಕೇ ರಾಜಕೀಯ ತಕರಾರು ಎದ್ದಿತು. ಯುವಜನರ ನಾಗರಿಕ ಹಕ್ಕು ಚಳವಳಿಯ ಬಗ್ಗೆ ಸಿದ್ಧವಾಗುತ್ತಿದ್ದ ಮುಂದಿನ ಪ್ರದರ್ಶನವನ್ನು ನಿಲ್ಲಿಸಿ, ಸಾಲ್ಸಾ ಸಂಗೀತವನ್ನು ಆರಿಸಿಕೊಂಡರು. ಸಾಲ್ಸಾ ಬಗ್ಗೆ ಯಾರಿಗೂ ತಕರಾರಿಲ್ಲ, ಬಹುಶಃ ಅದಕ್ಕೇ.