ಗುಳೆ ಹೊರಟವರ ಚೀಲದಲ್ಲಿ ಹೃದಯದ ಗುಳಿಗೆ

ಹೊಲದ ಕೆಲಸ ಮುಗಿಯುತ್ತಿದ್ದಂತೆ ರಾಯಚೂರು, ಕೊಪ್ಪಳ ಜಿಲ್ಲೆಗಳ ಒಣಬೇಸಾಯದ ಊರುಗಳಿಂದ ಬೆಂಗಳೂರಿನ ಕಡೆ ಗುಳೆ ಶುರುವಾಗುತ್ತದೆ. ಚೀಲಕ್ಕೆ ಜೋಳದ ಹಿಟ್ಟು, ಖಾರದ ಪುಡಿ, ಪಾತ್ರೆ, ಕೌದಿ ಎಲ್ಲವೂ ಬೀಳುತ್ತವೆ. ಬಿಪಿ ಗುಳಿಗೆ ಮಾತ್ರ ಹತ್ತು ದಿನಕ್ಕೆ ಸಾಲುವಷ್ಟೇ ಇರುತ್ತದೆ. "ಅಲ್ಲೇ ತಗೊಂಡ್ರಾತು" ಎಂದು ಹೊರಟವರ ಬಳಿ ಅಲ್ಲಿಗೆ ಹೋದಾಗ ಡಾಕ್ಟರ ಚೀಟಿ ಇರುವುದಿಲ್ಲ, ಗುಳಿಗೆಯ ಹೆಸರೂ ನೆನಪಿರುವುದಿಲ್ಲ. ಹನ್ನೊಂದನೇ ದಿನ ಗುಳಿಗೆ ನಿಂತೇ ಹೋಗುತ್ತದೆ.

ಯಾವ ಬಿಪಿ ಗುಳಿಗೆಯನ್ನೂ ಹೀಗೆ ಬಿಡಬಾರದು. ಅದರಲ್ಲೂ ಬೀಟಾ ಬ್ಲಾಕರ್ ಎಂಬ ಗುಂಪಿನ ಗುಳಿಗೆಯನ್ನು ತಟ್ಟನೆ ಬಿಟ್ಟರೆ ಹೃದಯಕ್ಕೇ ಪೆಟ್ಟು ಬೀಳಬಹುದು. ಈ ಗುಂಪನ್ನು ಗುರುತಿಸುವುದು ಕಷ್ಟವಲ್ಲ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿಸಿ. ಅಟೆನೊಲಾಲ್, ಮೆಟೊಪ್ರೊಲಾಲ್, ಬೈಸೊಪ್ರೊಲಾಲ್, ನೆಬಿವೊಲಾಲ್, ಪ್ರೊಪ್ರನೊಲಾಲ್, ಕಾರ್ವೆಡಿಲಾಲ್: ಎಲ್ಲವೂ 'ಲಾಲ್' ಎಂದೇ ಮುಗಿಯುತ್ತವೆ.

ಓಡುವಾಗ, ಭಾರ ಹೊರುವಾಗ, ಗಾಬರಿಯಾದಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ. ಅದು ಹೃದಯದ ಜೀವಕೋಶಗಳ ಮೇಲಿರುವ ಬೀಟಾ ಗ್ರಾಹಕಗಳಿಗೆ ಅಂಟಿಕೊಂಡು 'ಜೋರಾಗಿ ಬಡಿ' ಎಂದು ಆಜ್ಞೆ ಕೊಡುತ್ತದೆ. ಈ ಗುಳಿಗೆ ಅದಕ್ಕಿಂತ ಮೊದಲೇ ಹೋಗಿ ಆ ಜಾಗ ಹಿಡಿದು ಕೂರುತ್ತದೆ. ಹೃದಯ ನಿಧಾನವಾಗಿ ಬಡಿಯುತ್ತದೆ, ಅದಕ್ಕೆ ಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆ, ರಕ್ತದೊತ್ತಡವೂ ಇಳಿಯುತ್ತದೆ. ಈ ಗುಂಪಿನಲ್ಲಿ ಮೊದಲು ವ್ಯಾಪಕವಾಗಿ ಬಳಕೆಗೆ ಬಂದ ಪ್ರೊಪ್ರನೊಲಾಲ್ ಅನ್ನು 1960ರ ದಶಕದಲ್ಲಿ ರೂಪಿಸಿದವರು ವಿಜ್ಞಾನಿ ಜೇಮ್ಸ್ ಬ್ಲ್ಯಾಕ್. 1988ರ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಅವರೂ ಒಬ್ಬರು.

ತಟ್ಟನೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ತುಂಗಭದ್ರಾ ಕಾಲುವೆಯ ಕೊನೇ ಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನಿಂದ ನೀರು ಕಡಿಮೆ ಬಂದಷ್ಟೂ ಕೆಳಗಿನವರು ಹೊಲದ ಮಡೆಯನ್ನು ಇನ್ನಷ್ಟು ಅಗಲ ಮಾಡಿಕೊಳ್ಳುತ್ತಾರೆ. ಆಗ ರಾತ್ರೋರಾತ್ರಿ ಮೇಲಿನ ಗೇಟು ಪೂರ್ತಿ ಎತ್ತಿದರೆ ಗದ್ದೆಯ ಬದುವೇ ಕೊಚ್ಚಿಹೋಗುತ್ತದೆ. ಹೃದಯವೂ ಹಾಗೆಯೇ. ತಿಂಗಳುಗಟ್ಟಲೆ ಅಡ್ರಿನಲಿನ್ ಆಜ್ಞೆ ತಲುಪದಿದ್ದರೆ ಜೀವಕೋಶಗಳು ಹೊಸ ಗ್ರಾಹಕಗಳನ್ನು ಬೆಳೆಸಿಕೊಳ್ಳುತ್ತವೆ. ಗುಳಿಗೆ ಒಮ್ಮೆಲೇ ನಿಂತಾಗ ಅವೆಲ್ಲಕ್ಕೂ ಅಡ್ರಿನಲಿನ್ ನುಗ್ಗುತ್ತದೆ. ಎದೆ ಡವಗುಟ್ಟುತ್ತದೆ, ಬಿಪಿ ಏರುತ್ತದೆ. ಹೃದಯದ ರಕ್ತನಾಳ ಮೊದಲೇ ಕಿರಿದಾಗಿರುವವರಿಗೆ ಎದೆನೋವು, ಕೆಲವೊಮ್ಮೆ ಹೃದಯಾಘಾತವೂ ಆಗುತ್ತದೆ. ಗುಳೆ ಹೋದವರು ಅದೇ ದಿನಗಳಲ್ಲಿ ಸಿಮೆಂಟ್ ಚೀಲ ಹೊರುತ್ತಿರುತ್ತಾರೆ ಎಂಬುದೇ ಆತಂಕದ ಮಾತು.

ಆದ್ದರಿಂದ ಈ ಗುಳಿಗೆ ಬಿಡಲೇಬೇಕಾದರೆ ಡಾಕ್ಟರು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಇಳಿಸುತ್ತಾರೆ, ಆ ದಿನಗಳಲ್ಲಿ ಭಾರದ ಕೆಲಸ ಬೇಡವೆನ್ನುತ್ತಾರೆ. 'ಬಿಪಿ ನಾರ್ಮಲ್ ಬಂತು, ಇನ್ಯಾಕೆ' ಎಂದು ಬಿಡುವುದೂ ತಪ್ಪೇ; ನಾರ್ಮಲ್ ಬಂದದ್ದು ಗುಳಿಗೆಯಿಂದ. ಒಂದು ಹೊತ್ತು ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡು ಒಟ್ಟಿಗೆ ನುಂಗಬೇಡಿ. ಹಲವು ದಿನ ತಪ್ಪಿದ್ದರೆ ಹಳೆಯ ಪ್ರಮಾಣದಿಂದಲೇ ತಾನಾಗಿ ಶುರು ಮಾಡದೆ ಡಾಕ್ಟರನ್ನು ಕೇಳಿ. ಹೃದಯ ದುರ್ಬಲವಾಗಿರುವವರಿಗೆ ಇದು ತೀರ ಮುಖ್ಯ. ಅಂಥವರಿಗೆ ಕಾರ್ವೆಡಿಲಾಲ್ ಶುರುವಾಗುವುದೇ 3.125 ಮಿಲಿಗ್ರಾಂನಿಂದ, ಬೈಸೊಪ್ರೊಲಾಲ್ 1.25ರಿಂದ. ದೇಹ ಒಗ್ಗಿದರೆ ಸುಮಾರು ಎರಡು ವಾರಕ್ಕೊಮ್ಮೆ ಪ್ರಮಾಣ ಏರಿಸುತ್ತಾರೆ. ಆರಂಭದಲ್ಲಿ ಸುಸ್ತು ಹೆಚ್ಚೆನಿಸಿದರೂ ತಾಳ್ಮೆ ಬೇಕು. 1999ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ಬೈಸೊಪ್ರೊಲಾಲ್ ಅಥವಾ ಮೆಟೊಪ್ರೊಲಾಲ್ ಪಡೆದ ಇಂಥ ರೋಗಿಗಳಲ್ಲಿ ಸಾವು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಆದರೆ ಎರಡು ಮೂರು ದಿನದಲ್ಲಿ ತೂಕ ಎರಡು ಕೆಜಿ ಏರಿದರೆ, ಕಾಲು ಬಾತರೆ, ಮಲಗಿದಾಗ ಉಸಿರು ಕಟ್ಟಿದರೆ ತಡಮಾಡದೆ ತೋರಿಸಬೇಕು.

ಈಗ ಸ್ಟ್ರಿಪ್ ಅನ್ನು ಕೈಯಲ್ಲಿ ಹಿಡಿದು ನೋಡೋಣ. ಮೆಟೊಪ್ರೊಲಾಲ್‌ನಲ್ಲಿ ಎರಡು ಬಗೆ. ಟಾರ್ಟ್ರೇಟ್ ಎಂದಿದ್ದರೆ ಬೇಗ ಕರಗುವಂಥದ್ದು, ಸಾಮಾನ್ಯವಾಗಿ ದಿನಕ್ಕೆ ಎರಡು ಹೊತ್ತು. ಸಕ್ಸಿನೇಟ್ ಎಂದಿದ್ದು ಮುಂದೆ ಎಕ್ಸ್‌ಎಲ್ ಅಥವಾ ಇಆರ್ ಎಂದಿದ್ದರೆ ಇಡೀ ದಿನ ನಿಧಾನವಾಗಿ ಬಿಡುಗಡೆಯಾಗುವಂಥದ್ದು, ಒಂದೇ ಹೊತ್ತು. ಒಂದರ ಬದಲು ಇನ್ನೊಂದನ್ನು ತಾನಾಗಿ ತರಬಾರದು. ನಿಧಾನ ಬಗೆಯ ಗುಳಿಗೆಯ ನಡುವೆ ಗೀರು ಇದ್ದು, ಡಾಕ್ಟರೂ ಅರ್ಧ ಬರೆದಿದ್ದರೆ ಗೀರಿನ ಗುಂಟ ಎರಡು ಭಾಗ ಮಾಡಬಹುದು. ಕುಟ್ಟಿ ಪುಡಿ ಮಾಡುವುದು, ಅಗಿಯುವುದು ಮಾತ್ರ ಬೇಡ. ದಿನವಿಡೀ ಹೋಗಬೇಕಾದ ಔಷಧ ಒಂದೇ ಗಳಿಗೆಯಲ್ಲಿ ರಕ್ತಕ್ಕೆ ಸೇರಿಬಿಡುತ್ತದೆ. ನುಂಗಲಾಗದ ಅಜ್ಜಿಗೆ ಹಾಲಿನಲ್ಲಿ ಪುಡಿ ಕಲಸಿ ಕೊಡುವ ಮನೆಗಳಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ಕಾರ್ವೆಡಿಲಾಲ್ ಊಟದ ಜೊತೆಗೇ ಆಗಬೇಕು, ಬರಿಹೊಟ್ಟೆಯಲ್ಲಿ ನುಂಗಿದರೆ ಎದ್ದು ನಿಂತಾಗ ತಲೆ ತಿರುಗುತ್ತದೆ.

ಬಿಪಿಯ ಬೇರೆ ಔಷಧಗಳಾದ ಅಮ್ಲೋಡಿಪಿನ್ ಜೊತೆ ಅಟೆನೊಲಾಲ್, ಟೆಲ್ಮಿಸಾರ್ಟನ್ ಜೊತೆ ಮೆಟೊಪ್ರೊಲಾಲ್ ಸೇರಿದ ಜೋಡಿ ಗುಳಿಗೆಗಳು ನಮ್ಮಲ್ಲಿ ಬಹಳ. ಬಳ್ಳಾರಿಯ ಡಾಕ್ಟರು ಅಟೆನೊಲಾಲ್ ಇರುವ ಜೋಡಿ ಗುಳಿಗೆ ಬರೆದಿರುತ್ತಾರೆ, ಊರ ಹತ್ತಿರದ ಇನ್ನೊಬ್ಬರು ಒಂಟಿ ಅಟೆನೊಲಾಲ್ ಬರೆಯುತ್ತಾರೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧ ಒಂದೇ. ಎರಡನ್ನೂ ನುಂಗಿದವರ ನಾಡಿ ಕುಸಿಯುತ್ತದೆ. ಯಾವ ಆಸ್ಪತ್ರೆಗೆ ಹೋದರೂ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಯ್ಯಿರಿ.

ನಾಡಿ ನೋಡುವುದನ್ನು ಮನೆಯಲ್ಲಿ ಒಬ್ಬರಾದರೂ ಕಲಿಯಬೇಕು. ಐದು ನಿಮಿಷ ಸುಮ್ಮನೆ ಕೂತು, ಅಂಗೈ ಮೇಲೆ ಮಾಡಿ, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ತಗ್ಗಿನಲ್ಲಿ ಇನ್ನೊಂದು ಕೈಯ ಎರಡು ಮೂರು ಬೆರಳು ಹಗುರಾಗಿ ಇಡಿ. ಹೆಬ್ಬೆರಳಿನಿಂದ ಒತ್ತಬೇಡಿ, ಅದರ ಸ್ವಂತ ಮಿಡಿತವೇ ಲೆಕ್ಕ ತಪ್ಪಿಸುತ್ತದೆ. ಪೂರ್ತಿ 60 ಸೆಕೆಂಡು ಎಣಿಸಿ. ಈ ಗುಳಿಗೆ ತೆಗೆದುಕೊಳ್ಳುವವರಲ್ಲಿ 55, 60 ಬಂದರೆ ಗಾಬರಿ ಬೇಡ, ಕೆಲವರಿಗೆ ಡಾಕ್ಟರು ಬಯಸುವುದೇ ಅದನ್ನು. 50ಕ್ಕಿಂತ ಕೆಳಗಿದ್ದರೆ ಮುಂದಿನ ಗುಳಿಗೆಗೆ ಮೊದಲು ಡಾಕ್ಟರನ್ನು ಕೇಳಿ. ಜೊತೆಗೆ ತಲೆಸುತ್ತು, ಕಣ್ಣು ಕತ್ತಲೆ, ಉಸಿರಾಟದ ತೊಂದರೆ ಇದ್ದರೆ 108ಕ್ಕೆ ಕರೆ ಮಾಡಿ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ದೇಹ ತಣ್ಣಗಾಗಬೇಕೆಂದರೆ ಹೃದಯ ಜೋರಾಗಿ ಬಡಿದು ರಕ್ತವನ್ನು ಚರ್ಮಕ್ಕೆ ತಳ್ಳಬೇಕು. ಗುಳಿಗೆ ಆ ಓಟಕ್ಕೆ ಮಿತಿ ಹಾಕಿರುತ್ತದೆ. ಹಾಗಾಗಿ ಇವರಿಗೆ ಬಿಸಿಲು ಬೇಗ ತಾಗುತ್ತದೆ. ಬೆವರಿ ನೀರು ಕಳೆದುಕೊಂಡಾಗ ಬಿಪಿ ಇನ್ನಷ್ಟು ಇಳಿದು ಬಿದ್ದುಬಿಡಬಹುದು. ಮಧ್ಯಾಹ್ನ 12ರಿಂದ 3ರವರೆಗೆ ನೆರಳು ಹಿಡಿಯಿರಿ, ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕೂತು ಏಳಿ. ಹೃದಯ ದುರ್ಬಲವಿದ್ದು ನೀರು ಅಳೆದು ಕುಡಿಯಲು ಹೇಳಿದ್ದರೆ ಬೇಸಿಗೆಯ ಅಳತೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಗುಳಿಗೆಗೂ ಈ ಕಾವು ಆಗದು. ತಗಡಿನ ಮನೆಯ ಗೂಡು, ಕಿಟಕಿಯ ಬದಿ, ಗಾಡಿಯ ಡಿಕ್ಕಿ ಬಿಟ್ಟು, ಸ್ಟ್ರಿಪ್‌ನಲ್ಲೇ, ಒಣಗಿದ ತಂಪು ಮೂಲೆಯಲ್ಲಿ ಮಕ್ಕಳ ಕೈಗೆಟುಕದಂತೆ ಇಡಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಸಕ್ಕರೆ ತೀರ ಇಳಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಈ ಗುಳಿಗೆಯಿಂದ ಮರೆಯಾಗುತ್ತದೆ. ಉಳಿಯುವ ಗುರುತು ಬೆವರು. ನೆರಳಲ್ಲಿ ಕೂತಿದ್ದರೂ ತಣ್ಣನೆ ಬೆವರು ಬಂದರೆ ಗ್ಲುಕೋಮೀಟರ್‌ನಲ್ಲಿ ನೋಡಿ, ಯಂತ್ರ ಇಲ್ಲದಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ. ಆಸ್ತಮಾ ಇದ್ದವರು ಅದನ್ನು ಮೊದಲೇ ಹೇಳಬೇಕು. ಪ್ರೊಪ್ರನೊಲಾಲ್ ಶ್ವಾಸನಾಳವನ್ನೂ ಬಿಗಿಯುತ್ತದೆ. ಕಿಡ್ನಿ ತೊಂದರೆ ಇದ್ದವರಲ್ಲಿ ಅಟೆನೊಲಾಲ್ ದೇಹದಲ್ಲೇ ಉಳಿದುಬಿಡುವುದರಿಂದ ಪ್ರಮಾಣ ತಗ್ಗಿಸಬೇಕಾಗುತ್ತದೆ. ಮೈಕೈ ನೋವಿಗೆ ದಿನವೂ ಡೈಕ್ಲೋಫೆನಾಕ್ ನುಂಗಿದರೆ ಬಿಪಿ ಗುಳಿಗೆಯ ಕೆಲಸ ಕುಗ್ಗಬಹುದು. ಬಿಪಿ, ಎದೆನೋವಿಗೆ ಕೊಡುವ ವೆರಪಮಿಲ್ ಅಥವಾ ಡಿಲ್ಟಿಯಾಜೆಮ್ ಈ ಗುಳಿಗೆಯ ಜೊತೆಗೂಡಿದರೆ ನಾಡಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಯೂ ಇದೇ ಗುಂಪಿನದು, ಹನಿ ತಾನೇ ಎಂದು ಹೇಳದೆ ಬಿಡಬೇಡಿ.

ಸಿಂಧನೂರು, ಗಂಗಾವತಿಯ ಭತ್ತದ ಗದ್ದೆಗಳಲ್ಲಿ ದುಡಿಯುವವರು ಎರಡು ಸಂದರ್ಭಗಳಲ್ಲಿ ಈ ಗುಳಿಗೆಯ ವಿಷಯ ಬಾಯಿಬಿಟ್ಟು ಹೇಳಲೇಬೇಕು. ಒಂದು, ಹಾವು ಕಚ್ಚಿ ಆಸ್ಪತ್ರೆಗೆ ಬಂದಾಗ. ವಿಷನಿರೋಧಕ ಔಷಧ ಮೈಗೆ ಒಗ್ಗದಿದ್ದರೆ ಕೊಡುವುದು ಅಡ್ರಿನಲಿನ್ ಇಂಜೆಕ್ಷನ್, ಬೀಟಾ ಬ್ಲಾಕರ್ ಇರುವ ಮೈಯಲ್ಲಿ ಅದು ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಮೊದಲೇ ಗೊತ್ತಿದ್ದರೆ ಡಾಕ್ಟರು ಗ್ಲುಕಗಾನ್‌ನಂಥ ಬೇರೆ ಔಷಧಕ್ಕೆ ಸಿದ್ಧರಿರುತ್ತಾರೆ. ಎರಡು, ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಮೈಮೇಲೆ ಬಿದ್ದು ಅಥವಾ ಉಸಿರಲ್ಲಿ ಸೇರಿ ಬೆವರು, ಜೊಲ್ಲು, ವಾಂತಿ ಶುರುವಾದಾಗ. ಆ ವಿಷವೂ ನಾಡಿಯನ್ನು ಇಳಿಸಬಲ್ಲದು, ಗುಳಿಗೆಯೂ ಇಳಿಸುತ್ತದೆ. ಆಪರೇಷನ್ ಇದ್ದರೂ ತಾನಾಗಿ ಗುಳಿಗೆ ನಿಲ್ಲಿಸದೆ ಅರಿವಳಿಕೆ ಡಾಕ್ಟರಿಗೆ ತಿಳಿಸಬೇಕು.

ಇಷ್ಟನ್ನೂ ಪ್ರಜ್ಞೆ ತಪ್ಪಿದವರು ಹೇಳಲಾರರು. ಅಂಗೈಯಗಲದ ಕಾಗದದಲ್ಲಿ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾವ ಕಾಯಿಲೆಗೆ ಎಂದು ಬರೆಸಿ ಆಧಾರ್ ಕಾರ್ಡಿನ ಜೊತೆ ಇಡಿ, ಚೀಟಿಯ ಫೋಟೊ ಮಗನ ಮೊಬೈಲಿನಲ್ಲೂ ಇರಲಿ. ಗುಳೆ ಎರಡು ತಿಂಗಳದ್ದಾದರೆ ದಿನಕ್ಕೊಂದರಂತೆ 60 ಗುಳಿಗೆ, ಬರುವುದು ತಡವಾದರೆಂದು ಇನ್ನೂ 10: ಹತ್ತರ ಏಳು ಸ್ಟ್ರಿಪ್. ಬಸ್ಸಿನ ಮೇಲೆ ಕಟ್ಟುವ ಗಂಟಿನಲ್ಲಿ ಬೇಡ, ಕೈಚೀಲದಲ್ಲಿರಲಿ.